ಪದ ಬೇಕು: ನಿಂತ ನೀರಿನಲ್ಲೂ ಮೊಳೆಯುವ ಗುಣಕ್ಕೆ ಏನೆನ್ನೋಣ?

ಬಾಗಲಕೋಟೆಯಿಂದ:

ನಮಸ್ಕಾರ. ರೈತರ ತರಬೇತಿಗೆ ಒಂದು ಫಲಕ ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ಬಿತ್ತಿದ ಮೇಲೆ ಮಳೆನೀರು ನಿಂತರೆ ಮಣ್ಣಿನಲ್ಲಿ ಆಮ್ಲಜನಕ ತೀರಿ ಗೋದಿ, ಗೋವಿನಜೋಳದ ಬೀಜ ಕೊಳೆಯುತ್ತದೆ, ಭತ್ತ ಮೊಳೆಯಬಲ್ಲದು. ಈ ಗುಣಕ್ಕೆ ಒಬ್ಬರು ‘ಜಲಾವೃತ ಸಹಿಷ್ಣುತೆ’ ಎಂದು ಬರೆದುಕೊಟ್ಟಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ನಮ್ಮ ‘ಜವಳು’ ಹಚ್ಚಿ ‘ಜವಳು ಸಹಿಷ್ಣುತೆ’ ಅನ್ನಬಹುದೇ?

ವಿಜಯಪುರದಿಂದ:

‘ಸಹಿಷ್ಣುತೆ’ ಬೇಡವೇ ಬೇಡ. ಬಾಳು–ಬಾಳಿಕೆ ಇದ್ದ ಹಾಗೆ ತಾಳು–ತಾಳಿಕೆ. ‘ತಾಳಿದವನು ಬಾಳಿಯಾನು’ ಅನ್ನುವವರಿಗೆ ಸಂಸ್ಕೃತದ ಸಾಲ ಏಕೆ? ಜೀನ್‌ಗೂ ‘ವಂಶವಾಹಿ’ ಬರೆಯಬೇಡಿ; ಪೀಳಿಗೆಯಿಂದ ‘ಪೀಳಿ’ ಮಾಡಿಕೊಳ್ಳಿ.

ಚಿಕ್ಕೋಡಿಯಿಂದ:

ತಾಳಿಕೆ ಸರಿ. ರೈತರು ‘ಈ ತಳಿ ನೀರು ತಡಿತೈತಿ’ ಅಂತಾರೆ, ಆದರೆ ಬರಹದಲ್ಲಿ ‘ನೀರು ತಡೆ’ ಅಂದರೆ ಒಡ್ಡು ಹಾಕಿದಂತೆ ಕೇಳುತ್ತದೆ.

‘ಜವಳು’ ಖಂಡಿತ ತಪ್ಪು. ಸವಳು-ಜವಳು ಅಂದರೆ ವರ್ಷಗಟ್ಟಲೆ ಕಬ್ಬಿಗೆ ಮಿತಿಮೀರಿ ಹಾಯಿಸಿದ ನೀರು ಬಸಿಯದೆ ಕೆಟ್ಟ ಹೊಲ, ಮೇಲೆ ಬಿಳಿ ಉಪ್ಪು. ನೀವು ಹೇಳುತ್ತಿರುವುದು ಬಿತ್ತಿದ ಮರುದಿನವೇ ಜಡಿಮಳೆ ಹೊಡೆದು ಎರಿ (ಕಪ್ಪು ಮಣ್ಣಿನ) ಹೊಲದ ಸಾಲಿನೊಳಗೆ ನಿಂತ ನೀರು. ಫಲಕ ನೋಡಿದವರು ಬಸಿಗಾಲುವೆ ಯೋಜನೆ ಅಂದುಕೊಂಡಾರು.

ಭತ್ತದಲ್ಲಿ ಎರಡು ಬೇರೆ ಗುಣಗಳಿವೆ, ಒಂದೇ ಪದದಲ್ಲಿ ತುರುಕಬೇಡಿ. ಒಡಿಶಾದ ಎಫ್‌ಆರ್13ಎ ತಳಿಯ ಸಬ್1ಎ ಜೀನ್, 2006ರಲ್ಲಿ ಗುರುತಿಸಿದ್ದು, ಬೆಳೆಯುತ್ತಿರುವ ಪೈರಿನದು. ಮುಳುಗಿದಾಗ ಬೆಳವಣಿಗೆ ನಿಲ್ಲಿಸಿ, ಶಕ್ತಿ ಉಳಿಸಿಕೊಂಡು, ಸುಮಾರು ಎರಡು ವಾರ ಜೀವ ಹಿಡಿದಿರುತ್ತದೆ. ಸ್ವರ್ಣ-ಸಬ್1 ಎಂಬ ಭತ್ತದ ತಳಿಯಲ್ಲಿರುವುದು ಇದೇ ಜೀನ್. ಮೊಳಕೆಗೆ ಬೇಕಾದ್ದು ತದ್ವಿರುದ್ಧ, ಬೇಗ ತಲೆ ಎತ್ತಬೇಕು. ಮ್ಯಾನ್ಮಾರಿನ ಖಾವ್ ಹ್ಲಾನ್ ಆನ್ ತಳಿಯ ಟಿಪಿಪಿ7 ಜೀನ್ ಆ ಕೆಲಸದ್ದು. ಸಕ್ಕರೆ ಸಾಕಷ್ಟಿದೆ ಎಂಬ ಸಂಕೇತವನ್ನು ಅದು ತಗ್ಗಿಸುತ್ತದೆ. ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವ ಹೆಚ್ಚುತ್ತದೆ. ಆ ಸಕ್ಕರೆ ಉಂಡು ಮೊಳಕೆಯ ಹೊದಿಕೆ ಉದ್ದವಾಗಿ ನೀರಿನ ಮೇಲಿನ ಗಾಳಿಯನ್ನು ಮುಟ್ಟುತ್ತದೆ. ಗೋದಿ, ಬಾರ್ಲಿಯ ಬೀಜದಲ್ಲಿ ಆಮ್ಲಜನಕವಿಲ್ಲದಾಗ ಈ ಕಿಣ್ವ ಹುಟ್ಟುವುದೇ ಇಲ್ಲ.

ಪೈರಿನದಕ್ಕೂ ‘ಮುಳುಗಡೆ ತಾಳಿಕೆ’ ಬೇಡ. ನಿಮ್ಮೂರಲ್ಲಿ ಮುಳುಗಡೆ ಅಂದರೆ ಆಲಮಟ್ಟಿ ಹಿನ್ನೀರು, ಪರಿಹಾರ, ಮನೆ ಕಳೆದುಕೊಂಡವರಿಗೆ ಕಟ್ಟಿದ ನವನಗರ.

‘ಪೀಳಿ’ ಬಗ್ಗೆ ಚರ್ಚೆಯೇ ಅನಗತ್ಯ.

ವಿಜಯಪುರದಿಂದ:

ಏಕೆ ಅನಗತ್ಯ? ಅಮೈಲೇಸ್, ಜೀನ್ ಎಲ್ಲ ಹಾಗೇ ಬಿಟ್ಟರೆ ಫಲಕದಲ್ಲಿ ಕನ್ನಡದ್ದು ವಿಭಕ್ತಿ ಪ್ರತ್ಯಯವಷ್ಟೇ ಉಳಿಯುತ್ತದೆ. ಪದ ಹುಟ್ಟಿಸುವ ಶಕ್ತಿಯನ್ನು ಬಳಸದೆ ಬಿಟ್ಟರೆ ಅದು ಬತ್ತುತ್ತದೆ.

ಚಿಕ್ಕೋಡಿಯಿಂದ:

ಬೀಜದಂಗಡಿಯಲ್ಲಿ ಹೈಬ್ರಿಡ್, ಬಿಟಿ ಎಂದು ಕೇಳಿ ಕೊಳ್ಳುವ ರೈತನಿಗೆ ಜೀನ್ ಹೊರಗಿನದಲ್ಲ, ‘ಪೀಳಿ’ ಹೊರಗಿನದು. ಪದ ಹುಟ್ಟಿಸಿ, ಬೇಡವೆನ್ನುವುದಿಲ್ಲ. ಬಿತ್ತನೆಯ ಹೊತ್ತಿನಲ್ಲಿ ಅವನ ಮೇಲೆ ಪ್ರಯೋಗ ಬೇಡ.

ಬಾಗಲಕೋಟೆಯಿಂದ:

‘ನಿಂತ ನೀರಿನಲ್ಲಿ ಮೊಳೆಯುವ ತಾಳಿಕೆ’ ಎಂದು ಬರೆಸುತ್ತಿದ್ದೇನೆ. ಜೀನ್ ಜೀನ್ ಆಗಿಯೇ ಇರುತ್ತದೆ. ಮೊಳಕೆಯ ಹೊದಿಕೆಗೆ ಯಾರಾದರೂ ಒಂದೇ ಪದ ಕೊಡಬಲ್ಲಿರಾ? ನಾಳೆ ಮಧ್ಯಾಹ್ನದವರೆಗೆ ಕಾಯುತ್ತೇನೆ.