ಲೋಕಲ್ ವೇರಿಯಬಲ್‌ಗೆ 256ರ ಮಿತಿ: ಭಾಷೆಯ ನಿಯಮದಲ್ಲೇ ಬರೆದುಬಿಡಲಾ?

ಪ್ರಶ್ನೆ
ಒಂದು ಸಣ್ಣ ಭಾಷೆ ಮಾಡುತ್ತಿದ್ದೇನೆ, ಬೈಟ್‌ಕೋಡ್ ವಿಎಂ (ಕಂಪೈಲರ್ ಬರೆದುಕೊಡುವ ಪುಟ್ಟ ಇನ್‌ಸ್ಟ್ರಕ್ಷನ್‌ಗಳನ್ನು ಓಡಿಸುವ ಪ್ರೋಗ್ರಾಂ) ಮೇಲೆ ಓಡುತ್ತದೆ. ಪ್ರತಿ ಲೋಕಲ್ ವೇರಿಯಬಲ್‌ಗೂ (ಫಂಕ್ಷನ್ ಒಳಗಷ್ಟೇ ಬಳಸುವ ವೇರಿಯಬಲ್) ಒಂದು ನಂಬರ್ ಇದೆ, ಅದಕ್ಕೆ ಒಂದೇ ಬೈಟ್ ಇಟ್ಟಿದ್ದೇನೆ, ಹಾಗಾಗಿ ಒಂದು ಫಂಕ್ಷನ್‌ನಲ್ಲಿ 256ಕ್ಕಿಂತ ಜಾಸ್ತಿ ವೇರಿಯಬಲ್ ಇರುವಂತಿಲ್ಲ. ಇದನ್ನು ಭಾಷೆಯ ನಿಯಮ ಅಂತಲೇ ಬರೆದರೆ ತಪ್ಪಾ? ಅಷ್ಟೊಂದು ಯಾರು ಬರೆಯುತ್ತಾರೆ ಹೇಳಿ.

ಉತ್ತರ 1
ಮನುಷ್ಯರು ಬರೆಯುವುದಿಲ್ಲ, ಇನ್ನೊಂದು ಪ್ರೋಗ್ರಾಂ ಬರೆಯುತ್ತದೆ. ಜಾವಾದಲ್ಲಿ ಒಂದು ಮೆಥಡ್‌ನ (ಅಲ್ಲಿ ಫಂಕ್ಷನ್‌ಗೆ ಇರುವ ಹೆಸರು) ಬೈಟ್‌ಕೋಡ್ 65,535 ಬೈಟ್ ದಾಟುವಂತಿಲ್ಲ. ನನ್ನ ಸ್ಕ್ರಿಪ್ಟ್ ಒಂದು ಸಲ 10,000 ಸಂಖ್ಯೆಗಳ ಟೇಬಲ್ ಅನ್ನು ಅರೇ ಆಗಿ ಬರೆದುಕೊಟ್ಟಿತು. ನೋಡೋಕೆ ಬರೀ ಡೇಟಾ, ಆದರೆ ಜಾವಾ ಕಂಪೈಲರ್ ಪ್ರತಿ ಸಂಖ್ಯೆಯನ್ನೂ ಅರೇಗೆ ಹಾಕಲು ಏಳೆಂಟು ಬೈಟ್ ಇನ್‌ಸ್ಟ್ರಕ್ಷನ್ ಬರೆಯುತ್ತದೆ, ಲೆಕ್ಕ ಹಾಕಿ. 'ಕೋಡ್ ಟೂ ಲಾರ್ಜ್' ಅಂತ ಎರರ್ ಬಂತು. ಕೊನೆಗೆ ಟೇಬಲ್ ಅನ್ನು ಫೈಲ್‌ಗೆ ಹಾಕಿ ಅಲ್ಲಿಂದ ಓದಿಸಿದೆ. ನನ್ನ ಕೋಡ್‌ನಲ್ಲಿ ತಪ್ಪೇ ಇರಲಿಲ್ಲ ಅಲ್ವಾ?

ಉತ್ತರ 2
ಪೈಥಾನ್‌ನಲ್ಲೂ ಫಂಕ್ಷನ್ ಅನ್ನು ಒಂದು ಸಲ ಕರೆಯುವಾಗ 255 ಆರ್ಗ್ಯುಮೆಂಟ್ (ಅದಕ್ಕೆ ಕೊಡುವ ಬೆಲೆಗಳು) ಅಂತ ಮಿತಿ ಇತ್ತು, 3.7ರಲ್ಲಿ ತೆಗೆದರು. ಸಿ ಭಾಷೆಯ ಸ್ಟ್ಯಾಂಡರ್ಡ್ ದಾರಿ ಉಲ್ಟಾ. ಅದರ 1999ರ ಆವೃತ್ತಿ ಸಿ99 ಪ್ರಕಾರ ಕಂಪೈಲರ್ ಒಂದು ಫಂಕ್ಷನ್‌ಗೆ ಕನಿಷ್ಠ 127 ಪ್ಯಾರಾಮೀಟರ್ (ಆರ್ಗ್ಯುಮೆಂಟ್ ಪಡೆಯುವ ಹೆಸರುಗಳು) ತಾಳಿಕೊಳ್ಳಬೇಕು, ಅದರಾಚೆಗೆ ಅದರ ಇಷ್ಟ. ನೀವೂ 'ಕನಿಷ್ಠ ಇಷ್ಟು' ಅಂತ ಬರೆಯಿರಿ. ನಾಳೆ 256ನ್ನು ಏರಿಸಿದರೆ ಯಾರ ಹಳೆಯ ಕೋಡೂ ಮುರಿಯುವುದಿಲ್ಲ, ಇಳಿಸಿದರೆ ಮಾತ್ರ ಮುರಿಯುತ್ತದೆ.

ಉತ್ತರ 3
ಹಾಗಂತ ಎಲ್ಲ ಮಿತಿಯೂ ಕೆಟ್ಟದ್ದಲ್ಲ. ಪೈಥಾನ್ 3.11ರಲ್ಲಿ ದಶಮಾಂಶ ಅಂಕಿಗಳ ಸ್ಟ್ರಿಂಗ್‌ನಿಂದ (ಪಠ್ಯದಿಂದ) ಪೂರ್ಣಾಂಕ ಮಾಡಲು 4,300 ಅಂಕಿಗಳ ಮಿತಿ ಹೊಸದಾಗಿ ಬಂತು. ಅಂಕಿ ಎರಡು ಪಟ್ಟಾದರೆ ಕೆಲಸ ಸುಮಾರು ನಾಲ್ಕು ಪಟ್ಟಾಗುತ್ತದೆ, ಯಾರಾದರೂ ಬೇಕಂತಲೇ ಉದ್ದದ ಸಂಖ್ಯೆ ಕಳಿಸಿದರೆ ಸರ್ವರ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಬೇಕಾದವರು ಅದನ್ನು ಏರಿಸಿಕೊಳ್ಳಬಹುದು. ಅದು ಬಳಸುವವರನ್ನು ಕಾಯುವ ಮಿತಿ, ನಿಮ್ಮದು ಒಂದು ಬೈಟ್ ಉಳಿಸುವ ಮಿತಿ. ಅದಕ್ಕೆ ಜೆವಿಎಂ (ಜಾವಾದ ವಿಎಂ) ಹಾಗೆ 'ವೈಡ್' ಅನ್ನುವ, ಇನ್ನೊಂದರ ಮುಂದೆ ಬರುವ ಪ್ರಿಫಿಕ್ಸ್ ಇನ್‌ಸ್ಟ್ರಕ್ಷನ್ ಸೇರಿಸಿ. ಅದು ಮುಂದೆ ಬಂದಾಗ ನಂಬರ್‌ಗೆ ಎರಡು ಬೈಟ್, ಇಲ್ಲದಿದ್ದರೆ ಒಂದೇ. ಸಾಮಾನ್ಯ ಕೋಡ್ ಚಿಕ್ಕದಾಗಿಯೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು
ವೈಡ್ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್! ನಿಯಮದಲ್ಲಿ 'ಕನಿಷ್ಠ 256' ಅಂತ ಬರೆಯುತ್ತೇನೆ, ವಿಎಂನಲ್ಲಿ 65,536ರವರೆಗೆ ಬಿಡುತ್ತೇನೆ. ಅದನ್ನೂ ದಾಟಿದರೆ ಎರರ್ ಹೇಗಿರಬೇಕು?

ಉತ್ತರ 2
ಲುವಾ ಭಾಷೆ ನೋಡಿ. ಅದರ ಮಿತಿ ಒಂದು ಫಂಕ್ಷನ್‌ಗೆ 200 ಲೋಕಲ್ ವೇರಿಯಬಲ್, ದಾಟಿದರೆ ಮಿತಿ ಎಷ್ಟು, ಯಾವ ಸಾಲಿನ ಫಂಕ್ಷನ್, ಎರಡನ್ನೂ ಎರರ್‌ನಲ್ಲೇ ಹೇಳುತ್ತದೆ. ಸುಮ್ನೆ 'ಜಾಸ್ತಿಯಾಯಿತು' ಅಂತ ಬರೆದು ಬಿಡಬೇಡಿ.