‘ಜಿಯಾ’ ಮಾಡಿದ ಕೈಯೇ ‘ಒರಿಜಿನಲ್ ಸಿನ್’ ಮಾಡಿದ್ದಾ?

ಸೆಕೆಂಡ್ ಶೋ:
ನಿನ್ನೆ ರಾತ್ರಿ ‘ಜಿಯಾ’ ನೋಡಿ ಮುಗಿಸಿದೆ. 1998ರಲ್ಲಿ ಎಚ್‌ಬಿಒ ಚಾನೆಲ್‌ಗೆ ಅಂತ ಮಾಡಿದ ಸಿನಿಮಾ. ಮಾಡೆಲ್ ಜಿಯಾ ಕರಾಂಜಿಯ ಕಥೆ, ಪಾತ್ರದಲ್ಲಿ ಏಂಜಲೀನಾ ಜೋಲಿ. ಚಾಕು ತೆಗೆದು ಏಜೆನ್ಸಿಯ ರಿಸೆಪ್ಷನ್ ಮೇಜಿನ ಮೇಲೆ ತನ್ನ ಹೆಸರು ಕೆತ್ತುತ್ತಾಳಲ್ಲ, ಅಲ್ಲಿಂದ ಮುಂದೆ ನಾನು ಫೋನ್ ಮುಟ್ಟಲಿಲ್ಲ.

ಆಮೇಲೆ ಸುಮ್ನೆ ನಿರ್ದೇಶಕ ಯಾರು ಅಂತ ನೋಡಿದರೆ ಮೈಕಲ್ ಕ್ರಿಸ್ಟೋಫರ್. 1999ರ ‘ಬಾಡಿ ಶಾಟ್ಸ್’ ಈತನದೇ, 2001ರಲ್ಲಿ ಮತ್ತೆ ಜೋಲಿಯನ್ನೇ ಹಾಕಿಕೊಂಡು ಮಾಡಿದ ‘ಒರಿಜಿನಲ್ ಸಿನ್’ ಕೂಡ. ಎರಡೂ ನನಗೆ ಸಪ್ಪೆ ಅನಿಸಿದ್ದವು. ಹಾಗಾದರೆ ‘ಜಿಯಾ’ ಜೋಲಿ ಒಬ್ಬಳೇ ಹೊತ್ತ ಸಿನಿಮಾನಾ?

ಗಾಂಧಿ ಕ್ಲಾಸ್:
ಇನ್ನೇನು ಮತ್ತೆ, ಜೋಲಿಯೇ. ಗೋಲ್ಡನ್ ಗ್ಲೋಬ್ ಬಂತು, ಸ್ಕ್ರೀನ್ ಆಕ್ಟರ್ಸ್ ಗಿಲ್ಡ್ ಪ್ರಶಸ್ತಿಯೂ ಬಂತು. ಗೆದ್ದ ಖುಷಿಗೆ ಗೌನ್ ಸಮೇತ ಈಜುಕೊಳಕ್ಕೆ ಹಾರಿದ್ದು ಗೊತ್ತಲ್ವಾ! ಆದರೆ ಫೇ ಡನವೇಯನ್ನು ಮರೆಯಬೇಡಿ. ಜಿಯಾಳನ್ನು ಬೆಳೆಸಿದ ಏಜೆಂಟ್ ವಿಲ್ಹೆಲ್ಮಿನಾ ಕೂಪರ್ ಪಾತ್ರಕ್ಕೆ ಅವರಿಗೂ ಗೋಲ್ಡನ್ ಗ್ಲೋಬ್ ಬಂದಿದೆ.

ತೆರೆ ಹಿಂದೆ:
ಅಷ್ಟು ಬೇಗ ತೀರ್ಪು ಕೊಡಬೇಡಿ. ಕ್ರಿಸ್ಟೋಫರ್ ಮೂಲತಃ ನಾಟಕದವನು. ‘ದ ಶಾಡೋ ಬಾಕ್ಸ್’ ಅನ್ನೋ ನಾಟಕಕ್ಕೆ 1977ರಲ್ಲಿ ಪುಲಿಟ್ಜರ್, ಟೋನಿ ಎರಡೂ ಪ್ರಶಸ್ತಿ ಬಂದವು. ಹಾಲಿವುಡ್‌ಗೆ ಬಂದು ಚಿತ್ರಕಥೆ ಬರೆದ. 1987ರ ‘ದ ವಿಚಸ್ ಆಫ್ ಈಸ್ಟ್‌ವಿಕ್’ ಆತನದೇ, 1990ರಲ್ಲಿ ಮಕಾಡೆ ಮಲಗಿದ ‘ದ ಬಾನ್‌ಫೈರ್ ಆಫ್ ದ ವ್ಯಾನಿಟೀಸ್’ ಕೂಡ. ನಟನೂ ಹೌದು, ‘ಮಿಸ್ಟರ್ ರೋಬಾಟ್’ ಸರಣಿಯ ಫಿಲಿಪ್ ಪ್ರೈಸ್ ಇವನೇ.

ಈಗ ಆ ನಾಟಕ ಕೇಳಿ. ಸಾವು ಹತ್ತಿರ ಬಂದಿರುವ ಮೂವರು ರೋಗಿಗಳು, ಮೂರು ಕಾಟೇಜು, ಜೊತೆಗೆ ಅವರವರ ಮನೆಯವರು. ರಂಗದ ಮೇಲೆ ಕಾಣಿಸದ ಸಂದರ್ಶಕನೊಬ್ಬ ಪ್ರಶ್ನೆ ಕೇಳುತ್ತಾನೆ, ಇವರು ಬಾಯಿಬಿಡುತ್ತಾರೆ. ‘ಜಿಯಾ’ದಲ್ಲಿ ಅವಳನ್ನು ಬಲ್ಲವರೆಲ್ಲ ಕ್ಯಾಮೆರಾ ಕಡೆ ತಿರುಗಿ ಒಬ್ಬೊಬ್ಬರಾಗಿ ಅವಳ ಬಗ್ಗೆ ಹೇಳುವುದು ನೆನಪಿದೆಯಾ? ಅದೇ ಕೆಲಸ, ಇಪ್ಪತ್ತು ವರ್ಷ ಬಿಟ್ಟು. ಪ್ರತಿಯೊಬ್ಬರೂ ತಮ್ಮ ಜಿಯಾ ಬಗ್ಗೆ ಹೇಳುತ್ತಾರೆ, ಒಬ್ಬರ ಮಾತು ಇನ್ನೊಬ್ಬರದಕ್ಕೆ ಸರಿಯಾಗಿ ಕೂಡುವುದೇ ಇಲ್ಲ. ಜೋಲಿಗೆ ಅಷ್ಟು ಜಾಗ ಸಿಕ್ಕಿದ್ದೇ ಅದರಿಂದ.

ಹಳೇ ಪತ್ರಿಕೆ:
ನಿಜವಾದ ಜಿಯಾ ಬಗ್ಗೆ ಎರಡು ಮಾತು. ಹುಟ್ಟಿದ್ದು 1960ರಲ್ಲಿ, ಫಿಲಡೆಲ್ಫಿಯಾ. ಹದಿನೇಳಕ್ಕೇ ನ್ಯೂಯಾರ್ಕ್. 1980ರ ಮಾರ್ಚ್‌ನಲ್ಲಿ ವಿಲ್ಹೆಲ್ಮಿನಾ ಶ್ವಾಸಕೋಶದ ಕ್ಯಾನ್ಸರ್‌ನಿಂದ ಹೋದರು, ಹುಡುಗಿ ಹೆರಾಯಿನ್‌ನಲ್ಲಿ ಪೂರ್ತಿ ಮುಳುಗಿದಳು. ಅದೇ ವರ್ಷದ ನವೆಂಬರ್ ‘ವೋಗ್’ ಫೋಟೋಗಳಲ್ಲಿ ತೋಳಿನ ಮೇಲೆ ಸೂಜಿ ಗುರುತು ಕಾಣುತ್ತಿತ್ತು. 1982ರ ಏಪ್ರಿಲ್ ‘ಕಾಸ್ಮೋಪಾಲಿಟನ್’ ಮುಖಪುಟ ಹುಡುಕಿ ನೋಡಿ, ಫೋಟೋಗ್ರಾಫರ್ ಸ್ಕವುಲ್ಲೋ ತೆಗೆದದ್ದು. ಕೈ ಎರಡೂ ಬೆನ್ನ ಹಿಂದೆ. 1986ರ ನವೆಂಬರ್ 18ಕ್ಕೆ ಏಡ್ಸ್‌ನಿಂದ ತೀರಿಕೊಂಡಳು, ಇಪ್ಪತ್ತಾರು ವರ್ಷ ಅಷ್ಟೇ. ಸಿನಿಮಾದಲ್ಲಿ ಗೆಳತಿ ಲಿಂಡಾ ಅಂತ ಬರುವ ಮೇಕಪ್ ಕಲಾವಿದೆಯ ಹೆಸರು ಮಾತ್ರ ಬದಲಾಯಿಸಿದ್ದಾರೆ.

ಸೆಕೆಂಡ್ ಶೋ:
ತೆರೆ ಹಿಂದೆ ಅವರೇ, ನಿಮ್ಮ ಮಾತು ಹಿಡಿಸಿತು. ಆದರೆ ಒಂದು ತಕರಾರು ಇದೆ. ‘ಒರಿಜಿನಲ್ ಸಿನ್’ನಲ್ಲೂ ಅದೇ ಚೌಕಟ್ಟು ಅಲ್ವಾ? ಜೈಲಿನಲ್ಲಿ ಮರಣದಂಡನೆಗೆ ಕಾಯುತ್ತಿರುವ ಜೋಲಿ ಪಾದ್ರಿಯ ಮುಂದೆ ಕಥೆ ಹೇಳುತ್ತಾಳೆ. ಸಾಯುವವಳು, ಕೇಳುವವನು, ಎಲ್ಲ ಇದೆ. ಮತ್ತೆ ಯಾಕೆ ನಿಲ್ಲಲಿಲ್ಲ?

ತೆರೆ ಹಿಂದೆ:
ಅಯ್ಯೋ, ಅದು ನನಗೆ ಹೊಳೆದೇ ಇರಲಿಲ್ಲ! ಕೊನೆ ಗೊತ್ತಾಗಬಾರದು ಅನ್ನುವವರು ಮುಂದೆ ಓದಬೇಡಿ. ಅಲ್ಲಿ ಅವಳು ಪಾದ್ರಿಯನ್ನೇ ಸೆಲ್‌ನಲ್ಲಿ ಕೂರಿಸಿ ತಪ್ಪಿಸಿಕೊಳ್ಳುತ್ತಾಳೆ. ಅಂದರೆ ಅಷ್ಟು ಹೊತ್ತು ಹೇಳಿದ್ದೆಲ್ಲ ಒಂದು ಉಪಾಯ, ಪಾದ್ರಿಯ ಜೊತೆ ನಾವೂ ಟೋಪಿ ಹಾಕಿಸಿಕೊಂಡೆವು. ಕಾರ್ನೆಲ್ ವುಲ್ರಿಚ್ ಕಾದಂಬರಿ ಅದು, ತಿರುವೇ ಅದರ ಜೀವ. ತಿರುವು ಕಟ್ಟುವುದು ಕ್ರಿಸ್ಟೋಫರ್ ಕೈಗೆ ಹತ್ತಿದ ಕೆಲಸ ಅಲ್ಲ ಅಂತ ನನಗೆ ಅನಿಸುತ್ತದೆ. ಜಿಯಾ ಸತ್ತಿದ್ದಾಳೆ ಅನ್ನೋದು ಮೊದಲೇ ಗೊತ್ತು, ಅಲ್ಲಿ ಯಾರನ್ನೂ ಯಾಮಾರಿಸಬೇಕಾಗಿಲ್ಲ.

2024ರ ‘ದ ಗ್ರೇಟ್ ಲಿಲಿಯನ್ ಹಾಲ್’ ನೋಡಿದ್ದೀರಾ? ಮತ್ತೆ ಎಚ್‌ಬಿಒ, ಮತ್ತೆ ಕ್ರಿಸ್ಟೋಫರ್. ಚೆಕಾಫ್ ನಾಟಕದ ರಿಹರ್ಸಲ್ ನಡುವೆ ನೆನಪು ಕಳೆದುಕೊಳ್ಳುತ್ತಿರುವ ರಂಗನಟಿಯಾಗಿ ಜೆಸಿಕಾ ಲ್ಯಾಂಗ್.

ಸೆಕೆಂಡ್ ಶೋ:
ಇಲ್ಲ, ಈ ವಾರ ನೋಡುತ್ತೇನೆ. ‘ಬಾಡಿ ಶಾಟ್ಸ್’ ಇನ್ನೊಂದು ಸಲ ನೋಡು ಅಂತ ಮಾತ್ರ ಯಾರೂ ಹೇಳಬೇಡಿ.