ಕೇಟೆ ಕೋಲ್ವಿಟ್ಜ್ ಅವರ ‘ಸತ್ತ ಮಗುವಿನೊಂದಿಗೆ ಹೆಂಗಸು’: ಕಣ್ಣೀರಿಲ್ಲದ ಶೋಕ

ಪ್ರಶ್ನೆ: ಜರ್ಮನಿಯ ಕೇಟೆ ಕೋಲ್ವಿಟ್ಜ್ 1903ರಲ್ಲಿ ರಚಿಸಿದ ಈ ಎಚ್ಚಿಂಗ್‌ನಲ್ಲಿ (ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಕಾಗದಕ್ಕೆ ಅಚ್ಚೊತ್ತುವ ಚಿತ್ರ) ಬೆತ್ತಲೆ ತಾಯಿಯೊಬ್ಬಳು ಕಾಲು ಮಡಚಿ ಕುಳಿತು, ಮಗುವಿನ ಎದೆಗೆ ಮುಖ ಒತ್ತಿ, ಅದನ್ನು ಮತ್ತೆ ತನ್ನೊಳಗೆ ಸೇರಿಸಿಕೊಳ್ಳುವಳೇನೋ ಎಂಬಂತೆ ಅಪ್ಪಿಕೊಂಡಿದ್ದಾಳೆ. ಕಣ್ಣೀರನ್ನೇ ತೋರಿಸದ ಚಿತ್ರ ಇಷ್ಟೊಂದು ಕಲಕುವುದು ಹೇಗೆ?

ಉತ್ತರ 1: ಶೋಕವನ್ನು ಮುಖದಿಂದ ತೆಗೆದು ಇಡೀ ಮೈಗೆ ಹಂಚಿರುವುದರಿಂದ ಎಂದು ನನ್ನ ಅನಿಸಿಕೆ. ಎತ್ತಿದ ಮಂಡಿಯ ಒರಟು ಗೆರೆಗಳನ್ನೂ ಹಿಂದಕ್ಕೆ ಜೋತ ಮಗುವಿನ ತಲೆಯನ್ನೂ ಒಟ್ಟಿಗೆ ನೋಡಿ. ಆಮ್ಲ ಕೊರೆದ ಗೆರೆಗಳು ಸಾಲದೆಂಬಂತೆ ಅವರು ತಗಡಿನ ಮೇಲೆ ಸೂಜಿಯಿಂದ ನೇರವಾಗಿ ಗೀರಿದ್ದಾರೆ, ಮರಳುಕಾಗದವನ್ನೂ ಬಳಸಿದ್ದಾರೆ. ಆ ತರಿತರಿಯೇ ಇಲ್ಲಿ ಚರ್ಮವಾಗಿದೆ.

ಉತ್ತರ 2: ಇದಕ್ಕಾಗಿ ಅವರು ಏಳು ವರ್ಷದ ಮಗ ಪೀಟರ್‌ನನ್ನು ತೋಳಲ್ಲಿ ಹಿಡಿದು, ಕನ್ನಡಿಯಲ್ಲಿ ನೋಡಿಕೊಂಡು ತಮ್ಮನ್ನೇ ಬರೆದುಕೊಂಡಿದ್ದರು. ಅದೇ ಪೀಟರ್ 1914ರ ಅಕ್ಟೋಬರ್‌ನಲ್ಲಿ, 18ನೇ ವಯಸ್ಸಿನಲ್ಲಿ, ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಮಡಿದ. ಹಾಗೆಂದು ಚಿತ್ರವನ್ನು ಭವಿಷ್ಯವಾಣಿಯಂತೆ ಓದುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಇದನ್ನು ಎಕ್ಸ್‌ಪ್ರೆಷನಿಸಂ (ಒಳಗಿನ ಭಾವವನ್ನು ತೀವ್ರವಾಗಿ ಹೊರಹಾಕಲು ಕಂಡ ರೂಪವನ್ನೇ ತಿರುಚುವ ಕಲಾಪಂಥ) ಎನ್ನಬಹುದೇ?

ಉತ್ತರ 1: ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎಕ್ಸ್‌ಪ್ರೆಷನಿಸ್ಟ್ ಕಲಾವಿದರ ‘ಬ್ರ್ಯೂಕೆ’ ಗುಂಪು ಹುಟ್ಟಿದ್ದು 1905ರಲ್ಲಿ, ಕೋಲ್ವಿಟ್ಜ್ ಅದರ ಸದಸ್ಯರಾಗಿರಲಿಲ್ಲ. ಅಂಗರಚನೆಯ ಮಟ್ಟಿಗೆ ಅವರು ವಾಸ್ತವವಾದಿಯೇ, ಆದರೆ ಆ ಅಪ್ಪುಗೆಯ ಬಿಗಿ ಮಾತ್ರ ಆಗಲೇ ಎಕ್ಸ್‌ಪ್ರೆಷನಿಸ್ಟರದು.